ಶಂಕರ್ ನಾಗ್ 1987ರ ನಂತರ ಸಿನಿಮಾ ನಿರ್ದೇಶನ ಯಾಕೆ ಮಾಡಲಿಲ್ಲ? ಅಪ್ಪನಿಗೂ ನನಗೂ ಇದೇ ಜಗಳ

ಸಂಜೆಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಇದು. ಗೊತ್ತಿರುವವರು ಹೇಳಿ.

ನಮ್ಮಪ್ಪ ಆಟೋ ಓಡಿಸುತ್ತಾರೆ, ಬೆಂಗಳೂರಿಗೆ ಬಂದು ನಲವತ್ತು ವರ್ಷದ ಹತ್ತಿರ ಆಯ್ತು. ಗಾಡಿ ಮೂರು ಸಲ ಬದಲಾಗಿದೆ, ಹಿಂದುಗಡೆ ಇರುವ ಶಂಕ್ರಣ್ಣನ ಫೋಟೊ ಮಾತ್ರ ಬದಲಾಗಿಲ್ಲ. ನಾನು ಬೆಳೆದದ್ದೇ 'ಆಟೋ ರಾಜ', 'ಸಾಂಗ್ಲಿಯಾನ' ನೋಡಿಕೊಂಡು. ಶಂಕರ್ ನಾಗ್ ಅಂದರೆ ನನಗೆ ಫೈಟು, ಗಡ್ಡ, ಆ ಒರಟು ದನಿ, ಅಷ್ಟೇ ಆಗಿತ್ತು. ಹೋದ ವಾರ ಆಫೀಸಿನ ಗೆಳತಿಯೊಬ್ಬಳು, ಅವರೇ ನಿರ್ದೇಶಿಸಿದ 'ಆಕ್ಸಿಡೆಂಟ್' ನೋಡು ಅಂದಳು. ರಾತ್ರಿ ಹನ್ನೊಂದಕ್ಕೆ ಹಾಕಿದೆ, ಮುಗಿದ ಮೇಲೆ ನಿದ್ದೆ ಬರಲಿಲ್ಲ. ದೊಡ್ಡ ರಾಜಕಾರಣಿಯ ಮಗ ಫುಟ್‌ಪಾತ್ ಮೇಲೆ ಮಲಗಿದ್ದ ಬಡವರ ಮೇಲೆ ಕಾರು ಹತ್ತಿಸಿ ಹೋಗುತ್ತಾನೆ, ಆಮೇಲೆ ಅದನ್ನು ಹೇಗೆ ಮುಚ್ಚಿಹಾಕುತ್ತಾರೆ ಅನ್ನುವುದೇ ಸಿನಿಮಾ. ಹಾಡಿಲ್ಲ, ಹೀರೊಗಿರಿ ಇಲ್ಲ. ಶಂಕರ್ ನಾಗ್ ಅದರಲ್ಲಿ ಪತ್ರಕರ್ತ, ಮುಖ್ಯ ಪಾತ್ರ ಅಣ್ಣ ಅನಂತ್ ನಾಗ್ ಅವರದು. ಇದನ್ನು ಮಾಡಿದಾಗ ಅವರಿಗೆ ಮೂವತ್ತು ವರ್ಷ!

ಆಮೇಲೆ ಕೂತು ಅವರ ನಿರ್ದೇಶನದ ಪಟ್ಟಿ ಮಾಡಿದೆ. 'ಮಿಂಚಿನ ಓಟ', 'ಜನ್ಮ ಜನ್ಮದ ಅನುಬಂಧ', 'ಗೀತಾ', 'ನೋಡಿ ಸ್ವಾಮಿ ನಾವಿರೋದು ಹೀಗೆ', 'ಆಕ್ಸಿಡೆಂಟ್', ಟಿವಿಗೆ ಆರ್.ಕೆ. ನಾರಾಯಣ್ ಕಥೆಗಳ 'ಮಾಲ್ಗುಡಿ ಡೇಸ್', ಕೊನೆಗೆ 'ಒಂದು ಮುತ್ತಿನ ಕಥೆ'. ಹೆಚ್ಚೂಕಡಿಮೆ ಎಲ್ಲಾ 1980ರಿಂದ 1987ರ ಒಳಗೆ. ಅದಾದ ಮೇಲೆ ಮೂರು ವರ್ಷ ಬದುಕಿದ್ದರು, ವರ್ಷಕ್ಕೆ ಅಷ್ಟೊಂದು ಸಿನಿಮಾದಲ್ಲಿ ನಟಿಸಿದರು, ಆದರೆ ನಿರ್ದೇಶನದ ಸಿನಿಮಾ ಒಂದೂ ಥಿಯೇಟರಿಗೆ ಬರಲಿಲ್ಲ. ಯಾಕೆ?

ಊಟಕ್ಕೆ ಕೂತಾಗ ಅಪ್ಪನಿಗೆ ಇದನ್ನೇ ಹೇಳಿ, 'ಆ ಫೈಟ್ ಸಿನಿಮಾಗಳಿಗೆ ಸುಮ್ನೆ ಟೈಮ್ ಹಾಳು ಮಾಡಿಕೊಂಡರು' ಅಂದುಬಿಟ್ಟೆ. ಅಪ್ಪ ತಟ್ಟೆ ಬಿಟ್ಟು ಎದ್ದರು. 'ನಿಂಗೇನ್ ಗೊತ್ತು' ಅಂದವರು ಎರಡು ದಿನ ಮಾತಾಡಿಲ್ಲ. ನಾನು ಹೇಳಿದ್ದು ತಪ್ಪಾ?

ಗಾಂಧಿನಗರ ಗಿರಾಕಿ:
ತಾಯಿ, ಮೊದಲು ಅಪ್ಪನ ಹತ್ತಿರ ರಾಜಿ ಆಗು. ಆಮೇಲೆ ಇದನ್ನು ಓದು.

ನಾನು ಅವರ ಮೊದಲ ಸಿನಿಮಾದಿಂದ ಥಿಯೇಟರಿನಲ್ಲೇ ನೋಡಿದವನು. 1978ರಲ್ಲಿ ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ'. ಗಂಡುಗಲಿ ಅನ್ನುವ ಕೂಲಿ ಸೈನಿಕನ ಪಾತ್ರ. ಯಾರಪ್ಪಾ ಈ ಹುಡುಗ ಅಂತ ಎಲ್ಲರೂ ಕೇಳಿದ್ದೆವು. ಮೊದಲ ಸಿನಿಮಾಕ್ಕೇ ರಾಷ್ಟ್ರ ಪ್ರಶಸ್ತಿ ಬಂತು. ಅಲ್ಲಿಂದ ಮುಂದೆ 'ಸೀತಾರಾಮು', 'ಆಟೋ ರಾಜ' ಬಂದು ಸ್ಟಾರ್ ಆದರು. ಈಗ ವರ್ಷ ನೋಡು. 'ಆಟೋ ರಾಜ' ಬಂದದ್ದು 1980ರಲ್ಲಿ. ಅದೇ 1980ರಲ್ಲಿ 'ಮಿಂಚಿನ ಓಟ', 'ಜನ್ಮ ಜನ್ಮದ ಅನುಬಂಧ' ಎರಡನ್ನೂ ನಿರ್ದೇಶನ ಮಾಡಿದ್ದಾರೆ. ಹೀರೊ ಆದ ಮೇಲೆ ನಿರ್ದೇಶಕ ಆದವರಲ್ಲ ಅವರು. ಎರಡೂ ಜೊತೆಜೊತೆಗೇ ಶುರುವಾಗಿದ್ದು. ಒಂದು ಕೈಯಲ್ಲಿ ದುಡಿದು ಇನ್ನೊಂದು ಕೈಯಲ್ಲಿ ಸುರಿದರು. ನಾನು ಅರ್ಥ ಮಾಡಿಕೊಂಡಿರುವುದು ಹೀಗೆ.

1987ರ ಮೇಲೆ ಯಾಕಿಲ್ಲ ಅಂದರೆ, 'ಒಂದು ಮುತ್ತಿನ ಕಥೆ'ಯನ್ನೇ ನೋಡಬೇಕು. ಡಾ. ರಾಜ್‌ಕುಮಾರ್ ಹೀರೊ. ಸ್ಟೈನ್‌ಬೆಕ್ ಬರೆದ ಕಥೆ ಆಧಾರ. ಮುತ್ತು ತೆಗೆಯುವ ಬಡವನ ಪಾತ್ರ, ನೀರೊಳಗೆಲ್ಲ ಶೂಟಿಂಗ್. ನಾವು ರಾಜಣ್ಣನ ಸಿನಿಮಾ ಅಂತ ಶಿಳ್ಳೆ ಹೊಡೆಯಲು ಹೋಗಿದ್ದೆವು. ಅಲ್ಲಿ ಸಿಕ್ಕಿದ್ದು ಒಬ್ಬ ಬಡವನ ಸಂಕಟದ ಕಥೆ. ಜನ ಒಪ್ಪಲಿಲ್ಲ. ನಾನೂ ಅವತ್ತು ಬೈದುಕೊಂಡೇ ಹೊರಗೆ ಬಂದೆ. ಈಗ ನೋಡಿದರೆ ಐತುವಿನ ಪಾತ್ರದಲ್ಲಿ ರಾಜ್ ಅವರ ಮುಖ ಎಷ್ಟು ಬೇರೆ ಥರ ಕಾಣುತ್ತದೆ ಅಂದರೆ, ಅವತ್ತು ಯಾಕೆ ಕಾಣಲಿಲ್ಲ ಅಂತ ಬೇಜಾರಾಗುತ್ತದೆ. ಅಷ್ಟು ದೊಡ್ಡ ಸಿನಿಮಾ ಸೋತ ಮೇಲೆ ಯಾವ ನಿರ್ಮಾಪಕ ಮತ್ತೆ ದುಡ್ಡು ಹಾಕುತ್ತಾನೆ ಹೇಳು?

ಹೊನ್ನಾವರದ ಹೊಳೆ:
ಗಿರಾಕಿ ಸರ್, ಒಂದು ತಿದ್ದುಪಡಿ. 'ಒಂದಾನೊಂದು ಕಾಲದಲ್ಲಿ'ಗೆ ಅವರಿಗೆ ಸಿಕ್ಕಿದ್ದು ನಟನೆಯ ರಾಷ್ಟ್ರ ಪ್ರಶಸ್ತಿ ಅಲ್ಲ. 1979ರ ಭಾರತದ ಅಂತಾರಾಷ್ಟ್ರೀಯ ಚಿತ್ರೋತ್ಸವದಲ್ಲಿ ಉತ್ತಮ ನಟ ಅಂತ ಬೆಳ್ಳಿ ನವಿಲು. ಬೇರೆ ದೇಶದ ಸಿನಿಮಾಗಳ ನಡುವೆ ಗೆದ್ದ ಪ್ರಶಸ್ತಿ ಅದು. ಹಾಗಾಗಿ ಅದನ್ನು ಸರಿಯಾದ ಹೆಸರಿನಲ್ಲೇ ಕರೆಯೋಣ. 'ಆಕ್ಸಿಡೆಂಟ್'ಗೆ ಬಂದದ್ದು ರಾಷ್ಟ್ರ ಪ್ರಶಸ್ತಿ, ಸಾಮಾಜಿಕ ವಿಷಯದ ಸಿನಿಮಾ ವಿಭಾಗದಲ್ಲಿ, 1984ನೇ ಸಾಲಿನದು.

ಗಾಂಧಿನಗರ ಗಿರಾಕಿ:
ಹೌದು ಹೌದು, ಬೆಳ್ಳಿ ನವಿಲು. ಥ್ಯಾಂಕ್ಸ್. ವಯಸ್ಸಾಯ್ತು.

ರೀಲು ರಾಜ:
ನಾನು ಸಂಜೆಮಲ್ಲಿಗೆ ಅವರ ಪರ. ಬೈಯ್ದರೆ ಬೈಯ್ಯಿರಿ. 12 ವರ್ಷದಲ್ಲಿ 80ಕ್ಕೂ ಹೆಚ್ಚು ಸಿನಿಮಾದಲ್ಲಿ ನಟನೆ. ಅದರಲ್ಲಿ ನೀವು ಇವತ್ತು ಪೂರ್ತಿ ಕೂತು ನೋಡುವುದು ಎಷ್ಟು? ಹತ್ತು? ಹದಿನೈದು? ಉಳಿದವುಗಳಲ್ಲಿ ಅದೇ ಸೇಡು, ಅದೇ ತಂಗಿ, ಅದೇ ಗೋಡೌನು, ಅದೇ ಡ್ರಮ್ಮುಗಳು ಉರುಳುವ ಫೈಟು. ಒಂದೊಂದಕ್ಕೂ ಒಂದು ತಿಂಗಳು ಅಂತ ಇಟ್ಟುಕೊಂಡರೂ ಎಷ್ಟು ವರ್ಷ ಆಯ್ತು ಲೆಕ್ಕ ಹಾಕಿ. ಆ ಟೈಮಿನಲ್ಲಿ ಇನ್ನೂ ಮೂರು 'ಆಕ್ಸಿಡೆಂಟ್' ಆಗುತ್ತಿತ್ತು.

ಆಟೋ ಸ್ಟ್ಯಾಂಡ್ ಅಭಿ:
ರೀಲು ರಾಜ ಅವರೇ, ಆ ಡ್ರಮ್ಮು ಉರುಳುವ ಫೈಟಿಗೆ ಬಂದ ದುಡ್ಡಿನಿಂದಲೇ ನಿಮ್ಮ 'ಆಕ್ಸಿಡೆಂಟ್' ಆಗಿದ್ದು. ನಮ್ಮಂಥವರು ಟಿಕೆಟ್ ತಗೊಂಡಿದ್ದಕ್ಕೆ ಅವರು ಸ್ಟಾರ್ ಆದರು. ಅದನ್ನು ಮರೆಯಬೇಡಿ.

ರೀಲು ರಾಜ:
ಮರೆತಿಲ್ಲ ಸರ್. ಟಿಕೆಟ್ ತಗೊಂಡವರನ್ನು ನಾನು ಬೈಯುತ್ತಿಲ್ಲ. ಸಮಯ ಕಡಿಮೆ ಇತ್ತಲ್ಲ ಅನ್ನುವ ಹೊಟ್ಟೆಯುರಿ ಇದು.

ರಂಗದ ಹಿಂದೆ:
ಪ್ರಶ್ನೆಯೇ ಸ್ವಲ್ಪ ಪಕ್ಕಕ್ಕೆ ಸರಿದಿದೆ ಅನ್ನಿಸುತ್ತದೆ ನನಗೆ. ನಿರ್ದೇಶನ ಅಂದರೆ ಸಿನಿಮಾ ನಿರ್ದೇಶನ ಮಾತ್ರ ಅಂತ ಯಾಕೆ ಅಂದುಕೊಳ್ಳುತ್ತೀರಿ?

ಅವರು ಮೂಲತಃ ನಾಟಕದವರು. ಮುಂಬೈಯಲ್ಲಿದ್ದಾಗ ಮರಾಠಿ ರಂಗಭೂಮಿ ಹತ್ತಿಸಿಕೊಂಡವರು, ಹೆಂಡತಿ ಅರುಂಧತಿ ಅವರು ಸಿಕ್ಕಿದ್ದೂ ಅಲ್ಲೇ. '22 ಜೂನ್ 1897' ಅಂತ ಒಂದು ಮರಾಠಿ ಸಿನಿಮಾ ಇದೆ, ಅದರ ಚಿತ್ರಕಥೆ ಬರೆದವರಲ್ಲಿ ಶಂಕರ್ ಕೂಡ ಒಬ್ಬರು. ಬೆಂಗಳೂರಿಗೆ ಬಂದ ಮೇಲೆ ಸಂಕೇತ್ ತಂಡ ಕಟ್ಟಿದರು. 'ಅಂಜು ಮಲ್ಲಿಗೆ', 'ಬ್ಯಾರಿಸ್ಟರ್', 'ಸಂಧ್ಯಾ ಛಾಯಾ' ಎಲ್ಲಾ ಮಾಡಿದರು. 'ನೋಡಿ ಸ್ವಾಮಿ ನಾವಿರೋದು ಹೀಗೆ' ಕೂಡ ಮೊದಲು ನಾಟಕ, ಆಮೇಲೆ ಸಿನಿಮಾ. ಕೊನೆಗೆ 'ನಾಗಮಂಡಲ', ಅದನ್ನು ಸುರೇಂದ್ರನಾಥ್ ಅವರ ಜೊತೆ ಸೇರಿ ನಿರ್ದೇಶಿಸಿದರು. ಹಗಲೆಲ್ಲ ಸ್ಟುಡಿಯೊದಲ್ಲಿ ಕುಣಿದು, ಗುದ್ದಾಡಿ, ಸಂಜೆ ನಾಟಕದ ತಾಲೀಮಿಗೆ ಬಂದು ನಿಲ್ಲುವುದು ಅಂದರೆ ಏನು ಅಂತ ತಾಲೀಮು ಮಾಡಿದವರಿಗೆ ಮಾತ್ರ ಗೊತ್ತು. ನಾನು ಆಫೀಸು ಮುಗಿಸಿ ತಾಲೀಮಿಗೆ ಹೋಗುವವಳು. ಏಳು ಗಂಟೆಗೆ ಮಾತು ಬಾಯಿಗೆ ಬರುವುದಿಲ್ಲ, ಅಷ್ಟು ಸುಸ್ತು.

ಹಾಗಾಗಿ 1987ಕ್ಕೆ ನಿಲ್ಲಿಸಿದರು ಅನ್ನುವುದನ್ನು ನಾನು ಒಪ್ಪಲ್ಲ. ಕ್ಯಾಮೆರಾದ ಹಿಂದಿನಿಂದ ರಂಗದ ಹಿಂದಕ್ಕೆ ಹೋದರು, ಅಷ್ಟೇ.

ಸಂಜೆಮಲ್ಲಿಗೆ:
'ನೋಡಿ ಸ್ವಾಮಿ' ನಾಟಕ ಆಗಿತ್ತು ಅಂತ ಗೊತ್ತೇ ಇರಲಿಲ್ಲ ಮೇಡಂ. ಇನ್ನೊಂದು ಕೇಳುತ್ತೇನೆ, 'ಆಟೋ ರಾಜ' ಕೂಡ ಅವರೇ ನಿರ್ದೇಶನ ಮಾಡಿದ್ದು ಅಲ್ವಾ? ಅಪ್ಪ ಹಾಗೇ ಹೇಳುತ್ತಿದ್ದರು.

ಹೊನ್ನಾವರದ ಹೊಳೆ:
ಇಲ್ಲ. 'ಆಟೋ ರಾಜ' ನಿರ್ದೇಶಕರು ವಿಜಯ್. ಹಾಡುಗಳು ರಾಜನ್-ನಾಗೇಂದ್ರ. 'ಸಾಂಗ್ಲಿಯಾನ' ಪಿ. ನಂಜುಂಡಪ್ಪ ಅವರದು, 'ಸಿ.ಬಿ.ಐ. ಶಂಕರ್' ಕೂಡ ಅವರದೇ. ಅಪ್ಪನಿಗೆ ಹೇಳಬೇಡಿ, ಮತ್ತೆ ಮಾತು ಬಿಟ್ಟಾರು.

ಮೈಸೂರು ಮಲ್ಲಣ್ಣ:
'ಗೀತಾ' ಬಗ್ಗೆ ಯಾರೂ ಮಾತಾಡುತ್ತಿಲ್ಲ ಯಾಕೆ? ಇಳಯರಾಜ ಅವರ ಹಾಡುಗಳು ಇವತ್ತಿಗೂ ಮದುವೆ ಮನೆ ಆರ್ಕೆಸ್ಟ್ರಾದಲ್ಲಿ ಇದ್ದೇ ಇರುತ್ತವೆ. 1981ರ ಸಿನಿಮಾ. ನಾಯಕಿ ಅಕ್ಷತಾ ರಾವ್, ಅಂದರೆ ಪದ್ಮಾವತಿ ರಾವ್, ಅರುಂಧತಿ ಅವರ ತಂಗಿ. ಹಾಡಿಗಾಗಿ ನೋಡಲು ಹೋದೆ, ಕೊನೆಗೆ ಕಣ್ಣು ಒರೆಸಿಕೊಂಡು ಬಂದೆ. ನಿರ್ದೇಶಕ ಅಂದಕೂಡಲೇ 'ಆಕ್ಸಿಡೆಂಟ್' ಥರದ ಗಂಭೀರ ಸಿನಿಮಾ ಮಾತ್ರ ಎಣಿಸಬೇಡಿ. ಹಾಡು ಹೇಗೆ ತೆಗೆಯಬೇಕು ಅನ್ನುವುದೂ ಆ ಮನುಷ್ಯನಿಗೆ ಗೊತ್ತಿತ್ತು.

ಸೌಂಡ್ ಸೋಮಣ್ಣ:
ರಂಗದ ಹಿಂದೆ ಅವರು ಹೇಳಿದ್ದು ಅರ್ಧ. ಇನ್ನರ್ಧ ನಾನು ಹೇಳುತ್ತೇನೆ, ನನ್ನ ಹೊಟ್ಟೆಪಾಡು ಡಬ್ಬಿಂಗ್ ಸ್ಟುಡಿಯೊದಲ್ಲೇ ಕಳೆದದ್ದು.

ಆ ಕಾಲಕ್ಕೆ ಕನ್ನಡ ಸಿನಿಮಾದ ಹಾಡು, ಡಬ್ಬಿಂಗ್, ರೀರೆಕಾರ್ಡಿಂಗ್ ಅಂದರೆ ಜಾಸ್ತಿ ಕೆಲಸ ಮದ್ರಾಸಿನಲ್ಲೇ. ನಿರ್ಮಾಪಕ ರೀಲಿನ ಡಬ್ಬ ಹೊತ್ತು ರಾತ್ರಿ ರೈಲು ಹತ್ತಬೇಕಿತ್ತು. ಅಲ್ಲಿ ಲಾಡ್ಜು, ಊಟ, ಕಲಾವಿದರನ್ನು ಕರೆಸುವುದು, ಎಲ್ಲಾ ಖರ್ಚು. ರೆಕಾರ್ಡಿಂಗ್ ಥಿಯೇಟರ್ ಖಾಲಿ ಆಗುವ ತನಕ ಕಾಯಬೇಕು. ಸಣ್ಣ ಬಜೆಟ್ಟಿನ ಸಿನಿಮಾಕ್ಕೆ ಇದೇ ಬೆನ್ನು ಮುರಿಯುವ ಖರ್ಚು. ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಎಲೆಕ್ಟ್ರಾನಿಕ್ಸ್ ಅಂತ ರೆಕಾರ್ಡಿಂಗ್ ಸ್ಟುಡಿಯೊ ಕಟ್ಟಿದರು. ಇಲ್ಲಿನ ಕೆಲಸ ಇಲ್ಲೇ ಆಗಬೇಕು ಅಂತ. ಅದಕ್ಕೆ ಮಿಷಿನ್ನು ಹೊರದೇಶದಿಂದ ತರಿಸಬೇಕು, ಸಾಲ ಬೇಕು, ಕೆಲಸ ಗೊತ್ತಿರುವ ಹುಡುಗರು ಬೇಕು. ಒಬ್ಬ ಸ್ಟಾರ್ ಈ ತಲೆನೋವು ಯಾಕೆ ತಗೋಬೇಕು? ಆ ದುಡ್ಡಿನಲ್ಲಿ ನಾಲ್ಕು ಸೈಟು ತಗೊಂಡು ಸುಮ್ನೆ ಇರಬಹುದಿತ್ತು.

ನಾನು ಕೆಲಸ ಕಲಿತದ್ದು ಬೇರೆ ಸ್ಟುಡಿಯೊದಲ್ಲಿ, ಅವರು ಹೋದ ಮೇಲೆ. ಆದರೆ ನನ್ನ ಗುರುಗಳು ಸಂಕೇತ್ ಹೆಸರು ಹೇಳುವಾಗ ದನಿ ಬೇರೆ ಆಗುತ್ತಿತ್ತು. ಮೂರು ವರ್ಷ ಏನು ಮಾಡಿದರು ಅಂತ ಕೇಳುತ್ತೀರಲ್ಲ, ಬೇರೆಯವರು ಸಿನಿಮಾ ಮಾಡಲು ಬೇಕಾದ ಜಾಗ ಕಟ್ಟುವುದೂ ಒಂದು ಕೆಲಸವೇ.

ಉಪ್ಪಿ ಊರು:
ನಟ-ನಿರ್ದೇಶಕ ಅಂದರೆ ಉಪೇಂದ್ರ ಮಾತ್ರ. 'ಓಂ' ನೋಡಿ, ಆಮೇಲೆ ಮಾತಾಡಿ.

ಮೈಸೂರು ಮಲ್ಲಣ್ಣ:
ಬಂತಪ್ಪಾ.

ಉಪ್ಪಿ ಊರು:
ಯಾಕೆ, ತಪ್ಪೇನು? 'ತರ್ಲೆ ನನ್ಮಗ', 'ಶ್!', 'ಓಂ' ಮೂರೂ ಬೇರೆ ಹೀರೊಗಳಿಗೆ ಮಾಡಿದರು. 1998ರಲ್ಲಿ 'ಎ' ಮಾಡಿ ತಾವೇ ಹೀರೊ ಆದರು. ಮೊದಲು ನಿರ್ದೇಶಕ ಅಂತ ಹೆಸರು, ಆಮೇಲೆ ನಟ. ಶಂಕರ್ ನಾಗ್ ಕಷ್ಟ ಉಪ್ಪಿಗೆ ಬರಲಿಲ್ಲ, ಯಾಕೆಂದರೆ ತಮ್ಮ ಸಿನಿಮಾಕ್ಕೆ ತಾವೇ ಹೀರೊ. ದುಡಿಮೆ ಒಂದು ಕಡೆ, ಆಸೆ ಇನ್ನೊಂದು ಕಡೆ ಅಂತ ಇರಲಿಲ್ಲ.

ರೀಲು ರಾಜ:
ಇದು ಒಳ್ಳೆಯ ಪಾಯಿಂಟ್ ಗುರು. ನಾನು ಯೋಚನೆ ಮಾಡಿರಲಿಲ್ಲ. ರವಿಚಂದ್ರನ್ ಕೂಡ ಹಾಗೇ, 1987ರಲ್ಲಿ 'ಪ್ರೇಮಲೋಕ' ತಾವೇ ನಿರ್ದೇಶಿಸಿ ತಾವೇ ಹೀರೊ ಆದರು. ಈಗ ರಕ್ಷಿತ್, ರಾಜ್ ಬಿ. ಶೆಟ್ಟಿ, ರಿಷಬ್ ಎಲ್ಲರೂ ಅದೇ ದಾರಿ. 'ಕಾಂತಾರ'ದ ನಿರ್ದೇಶಕ, ಹೀರೊ ಇಬ್ಬರೂ ಒಬ್ಬರೇ. ಶಂಕರ್ ನಾಗ್ ಮಾತ್ರ ತಮ್ಮ ನಿರ್ದೇಶನದಲ್ಲಿ ತಮಗಾಗಿ ಹೀರೊ ಪಾತ್ರ ಬರೆದುಕೊಳ್ಳಲೇ ಇಲ್ಲ ಅನ್ನುವಷ್ಟು ಕಡಿಮೆ.

ಮೈಸೂರು ಮಲ್ಲಣ್ಣ:
'ಗೀತಾ'ದಲ್ಲಿ ಹೀರೊ ಅವರೇ ಅಲ್ವಾ?

ರೀಲು ರಾಜ:
ಹೌದು, 'ಗೀತಾ' ಒಂದು ಬಿಡಿ. ಆದರೆ ನೋಡಿ, 'ಜನ್ಮ ಜನ್ಮದ ಅನುಬಂಧ', 'ಆಕ್ಸಿಡೆಂಟ್' ಎರಡರಲ್ಲೂ ಮುಂದೆ ನಿಲ್ಲುವುದು ಅನಂತ್ ನಾಗ್. 'ಮುತ್ತಿನ ಕಥೆ' ರಾಜ್‌ಕುಮಾರ್ ಅವರದು. 'ಮಾಲ್ಗುಡಿ' ಒಬ್ಬ ಪುಟ್ಟ ಹುಡುಗನದು. 'ಮಿಂಚಿನ ಓಟ'ದಲ್ಲಿ ಅಣ್ಣ-ತಮ್ಮ ಇಬ್ಬರೂ ಇದ್ದರೂ ಲೋಕನಾಥ್ ಅವರಿಗೆ ಎಷ್ಟು ಜಾಗ ಬಿಟ್ಟಿದ್ದಾರೆ! ಸ್ಟಾರ್ ಒಬ್ಬರು ಹೀಗೆ ಪಕ್ಕಕ್ಕೆ ನಿಂತು ಬೇರೆಯವರನ್ನು ಮುಂದೆ ಬಿಡುವುದು ನಮ್ಮಲ್ಲಿ ಕಡಿಮೆ.

ಟೊರೊಂಟೊ ತುಂಗಾ:
ಇಲ್ಲಿ ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ 'ಮಾಲ್ಗುಡಿ ಡೇಸ್' ಖಾಯಂ. ನನ್ನ ಮಗನಿಗೆ ಎಂಟು ವರ್ಷ. ಶುರುವಿನ ಆ ರಾಗ ಬಂದ ಕೂಡಲೇ ಎಲ್ಲಿದ್ದರೂ ಓಡಿ ಬರುತ್ತಾನೆ. ಎಲ್. ವೈದ್ಯನಾಥನ್ ಅವರ ಸಂಗೀತ, ಆರ್.ಕೆ. ಲಕ್ಷ್ಮಣ್ ಅವರ ಚಿತ್ರ. ನನಗೆ ಊರು ನೆನಪಾಗಿ ಗಂಟಲು ಕಟ್ಟುತ್ತದೆ. ಆಗುಂಬೆಯ ಆ ರೈಲ್ವೆ ಸ್ಟೇಷನ್ ಈಗಲೂ ಹಾಗೇ ಇದೆಯಾ?

ಶಿವಮೊಗ್ಗ ಸೀಮೆ:
ಅಕ್ಕಾ, ಆಗುಂಬೆಯಲ್ಲಿ ರೈಲೇ ಇಲ್ಲ! ಆ ಸ್ಟೇಷನ್ ಅರಸಾಳು, ಶಿವಮೊಗ್ಗದಿಂದ ತಾಳಗುಪ್ಪದ ಕಡೆ ಹೋಗುವ ಲೈನಿನಲ್ಲಿ. ಹಳೇ ಕಟ್ಟಡವನ್ನು ರೈಲ್ವೆಯವರು ಸರಿ ಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಬೀದಿ, ಮನೆ, ಅಂಗಡಿ ಎಲ್ಲಾ ಆಗುಂಬೆ. ಕಥೆಯ ಹುಡುಗ ಸ್ವಾಮಿಯ ಮನೆ ಅಲ್ಲಿನ ದೊಡ್ಡ ಮನೆ, ಕಸ್ತೂರಕ್ಕನ ಮನೆ ಅಂತಲೇ ಹೆಸರಾಗಿದೆ. ಹೋದವರಿಗೆ ಊಟ ಹಾಕಿ ಕಳಿಸುತ್ತಿದ್ದ ಮನೆ ಅದು.

ನಮ್ಮ ದೊಡ್ಡಮ್ಮನ ಮನೆ ಆಗುಂಬೆ ಪಕ್ಕದಲ್ಲೇ. ಶೂಟಿಂಗ್ ಸಮಯದಲ್ಲಿ ಇಡೀ ಊರೇ ಮಾಲ್ಗುಡಿ ಆಗಿತ್ತು ಅನ್ನುತ್ತಾರೆ ಅವರು. ಅಂಗಡಿ ಬೋರ್ಡು ಬದಲಾಯಿತು, ಬೀದಿಯಲ್ಲಿ ಜಾನ್ ದೇವರಾಜ್ ಮಾಡಿದ ಪ್ರತಿಮೆ ನಿಂತಿತು, ಊರ ಜನರೇ ಹಿಂದೆ ಮುಂದೆ ಓಡಾಡಿದರು. ನಿನ್ನೆ ತರಕಾರಿ ಮಾರುತ್ತಿದ್ದವನು ಇವತ್ತು ಟಿವಿಯಲ್ಲೂ ತರಕಾರಿ ಮಾರಿದ. ದೊಡ್ಡಮ್ಮ ಹೇಳುವುದು, ಮಳೆ ಬಂದರೆ ಎಲ್ಲರೂ ಜಗುಲಿ ಹತ್ತಿ ಕೂರುತ್ತಿದ್ದರಂತೆ, ನಿರ್ದೇಶಕರೂ ಅಲ್ಲೇ, ಲೈಟ್ ಹುಡುಗರೂ ಅಲ್ಲೇ. ಆಗುಂಬೆ ಮಳೆ ಗೊತ್ತಲ್ಲ, ಒಮ್ಮೆ ಹಿಡಿದರೆ ಬಿಡಲ್ಲ.

ರಂಗದ ಹಿಂದೆ:
ಆರ್.ಕೆ. ನಾರಾಯಣ್ ಅವರಿಗೆ ತಮ್ಮ ಕಥೆ ತೆರೆಗೆ ಬರುವ ಬಗ್ಗೆ ಒಳ್ಳೆಯ ಅನುಭವ ಇರಲಿಲ್ಲ. 'ಗೈಡ್' ಸಿನಿಮಾ ಅವರಿಗೆ ಹಿಡಿಸಿರಲಿಲ್ಲ, ಅದರ ಬಗ್ಗೆ ಬರೆದೂ ಇದ್ದಾರೆ. ಸಣ್ಣ ಊರಿನ ಕಥೆಯನ್ನು ದೊಡ್ಡದು ಮಾಡಿ ಕೆಡಿಸಿದರು ಅನ್ನುವ ಸಿಟ್ಟು ಅದು. ಶಂಕರ್ ಆ ತಪ್ಪು ಮಾಡಲಿಲ್ಲ. ಕಥೆ ಎಷ್ಟಿದೆಯೋ ಅಷ್ಟೇ. ಸ್ವಾಮಿ ಕ್ರಿಕೆಟ್ ಆಡಬೇಕು, ಅಪ್ಪ ಬೈಯಬೇಕು, ಅಜ್ಜಿ ಕಥೆ ಹೇಳಬೇಕು. ಅಪ್ಪನ ಪಾತ್ರಕ್ಕೆ ಕಾರ್ನಾಡ್. ತಮ್ಮನ್ನು ಮೊದಲ ಸಿನಿಮಾದಲ್ಲಿ ನಿರ್ದೇಶಿಸಿದವರನ್ನೇ ತಾವು ನಿರ್ದೇಶಿಸುತ್ತಿದ್ದಾರೆ ನೋಡಿ! ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಸ್ವಾಮಿ ಪಾತ್ರದ ಮಾಸ್ಟರ್ ಮಂಜುನಾಥ್ ಕೈಯಲ್ಲಿ ಅಷ್ಟು ಸಹಜವಾಗಿ ಮಾಡಿಸಿದ್ದಾರಲ್ಲ, ಮಕ್ಕಳ ಜೊತೆ ಕೆಲಸ ಮಾಡಿದವರಿಗೆ ಗೊತ್ತು ಅದು ಎಷ್ಟು ಕಷ್ಟ ಅಂತ. ಮಕ್ಕಳಿಗೆ ನಟಿಸು ಅಂದರೆ ಕೆಟ್ಟುಹೋಗುತ್ತದೆ.

ವಿಷ್ಣು ಭಕ್ತ ವಿನಯ್:
ವಿಷ್ಣುವರ್ಧನ್ ಕೂಡ 'ಮಾಲ್ಗುಡಿ'ಯ ಒಂದು ಕಂತಿನಲ್ಲಿ ಇದ್ದಾರೆ. ಹುಡುಕಿ ನೋಡಿ.

ಮೆಟ್ರೊ ಮಹೇಶ:
ನಮ್ಮ ಮೆಟ್ರೊ ಕೂಡ ಶಂಕ್ರಣ್ಣನ ಕನಸು. ಅವರಿದ್ದಿದ್ದರೆ 1995ಕ್ಕೇ ಓಡುತ್ತಿತ್ತು.

ರೀಲು ರಾಜ:
ಇದು ವಾಟ್ಸಾಪ್ ಕಥೆ ಥರ ಇದೆ. ಪ್ರತಿ ಸೆಪ್ಟೆಂಬರಿನಲ್ಲಿ ಬರುತ್ತದೆ, ಒಂದೊಂದು ವರ್ಷ ಒಂದೊಂದು ಸೇರಿಸಿಕೊಂಡು.

ಗಾಂಧಿನಗರ ಗಿರಾಕಿ:
ಪೂರ್ತಿ ಕಥೆ ಅಲ್ಲಪ್ಪ. ಮೆಟ್ರೊ, ನಂದಿ ಬೆಟ್ಟಕ್ಕೆ ರೋಪ್‌ವೇ, ಕಡಿಮೆ ಖರ್ಚಿನ ಮನೆಗಳು, ಇವುಗಳ ಬಗ್ಗೆ ಅವರು ಓಡಾಡಿದ್ದನ್ನು ಅನಂತ್ ನಾಗ್ ಅವರೇ ಹಲವು ಸಲ ಹೇಳಿದ್ದಾರೆ. 'ನನ್ನ ತಮ್ಮ ಶಂಕರ' ಅಂತ ಪುಸ್ತಕವನ್ನೇ ಬರೆದಿದ್ದಾರೆ, ಸಿಕ್ಕರೆ ಓದು. ಆದರೆ 1995ಕ್ಕೇ ಓಡುತ್ತಿತ್ತು ಅನ್ನುವುದು ಮಹೇಶನ ಪ್ರೀತಿ. ಒಬ್ಬ ನಟ ಆಸೆಪಟ್ಟ ಮಾತ್ರಕ್ಕೆ ರೈಲು ಓಡಲ್ಲ. ಸರ್ಕಾರ, ದುಡ್ಡು, ಜಾಗ ಎಲ್ಲಾ ಬೇಕು. ಕೊನೆಗೆ ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡಿಗೆ ಮೊದಲ ರೈಲು ಓಡಿದ್ದು 2011ರಲ್ಲಿ.

ಮೆಟ್ರೊ ಮಹೇಶ:
ಪ್ರೀತಿ ಅಂತಲೇ ಇರಲಿ ಸರ್. ಅವತ್ತು ಮೊದಲ ರೈಲಿನಲ್ಲಿ ನಾನೂ ಇದ್ದೆ, ಜೇಬಿನಲ್ಲಿ ಅವರ ಫೋಟೊ ಇಟ್ಟುಕೊಂಡು ಹೋಗಿದ್ದೆ.

ನಿರ್ವಾಹಕರು:
ಮೆಟ್ರೊ ಚರ್ಚೆಗೆ ಬೇರೆ ಎಳೆ ಇದೆ. ಇಲ್ಲಿ ನಟನೆ, ನಿರ್ದೇಶನದ ಬಗ್ಗೆ ಮಾತಾಡೋಣ.

ಹೊನ್ನಾವರದ ಹೊಳೆ:
ಮತ್ತೆ ಮೂಲ ಪ್ರಶ್ನೆಗೆ ಬರುತ್ತೇನೆ. ನಟನೆಯನ್ನು ದುಡ್ಡಿಗಾಗಿ ಮಾಡಿದರು, ನಿರ್ದೇಶನವನ್ನು ಮನಸ್ಸಿಗಾಗಿ ಮಾಡಿದರು ಅಂತ ಎಲ್ಲರೂ ಗೆರೆ ಎಳೆಯುತ್ತಿದ್ದೀರಿ. ಅಷ್ಟು ನೇರವಾಗಿಲ್ಲ ಅದು. 1989ರ 'ತರ್ಕ' ನೋಡಿ. ಸುನೀಲ್ ಕುಮಾರ್ ದೇಸಾಯಿ ಅವರ ಮೊದಲ ಸಿನಿಮಾ. ಒಂದೂ ಹಾಡಿಲ್ಲ. ಆಗಿನ ಕಾಲಕ್ಕೆ ಹಾಡಿಲ್ಲದ ಸಿನಿಮಾ ಅಂದರೆ ವಿತರಕರು ಹೌಹಾರುತ್ತಿದ್ದರು. ಮಾರುಕಟ್ಟೆ ಜೋರಾಗಿದ್ದ ಸ್ಟಾರ್, ಹೊಸ ನಿರ್ದೇಶಕನ ಹಾಡಿಲ್ಲದ ಸಿನಿಮಾಕ್ಕೆ ಹೂಂ ಅಂದಿದ್ದಾರೆ. ಅದು ದುಡ್ಡಿನ ಲೆಕ್ಕಾಚಾರ ಅಲ್ಲ. ತಮ್ಮ ಹೆಸರಿನ ಬಲದಿಂದ ಇನ್ನೊಬ್ಬ ನಿರ್ದೇಶಕ ಹುಟ್ಟಲಿ ಅನ್ನುವುದು.

'ಗಂಡುಗಲಿ'ಯನ್ನು ಮರೆಯಬೇಡಿ. ಅಲ್ಲಿ ಸುಂದರ್ ಕೃಷ್ಣ ಅರಸ್ ಎದುರು ನಿಂತು ಕಣ್ಣಲ್ಲೇ ಕಾದಾಡಿದ್ದಾರೆ. ಅಂಥ ನಟನಿಗೆ ಆಮೇಲೆ ಸಿಕ್ಕಿದ ಪಾತ್ರಗಳು ಸಣ್ಣವು ಅಂತ ಬೇಕಾದರೆ ಹೇಳಿ, ಒಪ್ಪುತ್ತೇನೆ. ನಟನೆಯೇ ಟೈಮ್ ಹಾಳು ಅಂತ ಹೇಳಬೇಡಿ.

ರೀಲು ರಾಜ:
ಸರಿ. 'ತರ್ಕ' ನಾನು ನೋಡಿಲ್ಲ. ನೋಡಿ ಬಂದು ಮಾತಾಡುತ್ತೇನೆ.

ಬೆಣ್ಣೆದೋಸೆ:
ನಾನು ದಾವಣಗೆರೆಯವನು. ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ಸಲ ಅಳಿಸಿದೆ.

1990ರ ಸೆಪ್ಟೆಂಬರ್ 30, ಭಾನುವಾರ. ನಾನು ಆಗ ಒಂಬತ್ತನೇ ಕ್ಲಾಸು. ಬೆಳಿಗ್ಗೆ ಹಾಲು ತರಲು ಹೋದಾಗ ಅಂಗಡಿ ಮುಂದೆ ಜನ ನಿಂತಿದ್ದರು, ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಆನಗೋಡಿನ ಹತ್ತಿರ ಹೈವೇಯಲ್ಲಿ ಕಾರು ಲಾರಿಗೆ ಡಿಕ್ಕಿ ಆಗಿದೆ, ಶಂಕರ್ ನಾಗ್ ಹೋಗಿಬಿಟ್ಟರು ಅಂದರು. ಅರುಂಧತಿ ಅವರೂ ಪುಟ್ಟ ಮಗಳೂ ಅದೇ ಕಾರಿನಲ್ಲಿದ್ದರು, ಅವರು ಉಳಿದರು. 'ಜೋಕುಮಾರಸ್ವಾಮಿ' ಶೂಟಿಂಗಿಗೆ ಲೋಕಾಪುರಕ್ಕೆ ಹೊರಟಿದ್ದರು. ನಮ್ಮಣ್ಣ ಸೈಕಲ್ ತಗೊಂಡು ಆನಗೋಡಿನ ಕಡೆ ಹೋದ. ನಾನೂ ಬರುತ್ತೇನೆ ಅಂದೆ, ಹೊಡೆದು ಮನೆಗೆ ಕಳಿಸಿದ. ಸಂಜೆ ಬಂದವನು ಊಟ ಮಾಡಲಿಲ್ಲ.

35 ವರ್ಷ. ನವೆಂಬರ್ 9ಕ್ಕೆ 36 ತುಂಬಬೇಕಿತ್ತು, ಇನ್ನು ನಲವತ್ತು ದಿನ ಬಾಕಿ ಇತ್ತು. 1987ರ ಮೇಲೆ ಯಾಕೆ ನಿರ್ದೇಶನ ಮಾಡಲಿಲ್ಲ ಅಂತ ಕೇಳುತ್ತೀರಿ. ಮೂರು ವರ್ಷ ಅಂದರೆ ನಮಗೆ ಈಗ ದೊಡ್ಡ ಅಂತರ ಥರ ಕಾಣುತ್ತದೆ, ಯಾಕೆಂದರೆ ಆಮೇಲೆ ಏನೂ ಇಲ್ಲ ಅಂತ ಗೊತ್ತು. ಅವರಿಗೆ ಗೊತ್ತಿರಲಿಲ್ಲವಲ್ಲ. 35ರ ಮನುಷ್ಯ ಮುಂದಿನ ವರ್ಷ ಮಾಡೋಣ ಅಂದುಕೊಂಡಿರುತ್ತಾನೆ.

ಟೊರೊಂಟೊ ತುಂಗಾ:
ಬೆಣ್ಣೆದೋಸೆ ಅವರೇ, ಅಳಿಸದೆ ಬರೆದದ್ದು ಒಳ್ಳೆಯದಾಯಿತು.

ಸೌಂಡ್ ಸೋಮಣ್ಣ:
ಕೊನೆಯ ಸಾಲು ಓದಿ ಮೊಬೈಲ್ ಕೆಳಗಿಟ್ಟೆ. ಇಷ್ಟು ದಿನ ಎಲ್ಲರೂ ಇದನ್ನು ತಲೆಕೆಳಗಾಗಿ ಕೇಳುತ್ತಿದ್ದೆವು ಅನ್ನಿಸಿತು.

ರಂಗದ ಹಿಂದೆ:
ಇದನ್ನು ಓದಿ ನನಗೆ ರಂಗಶಂಕರ ನೆನಪಾಯಿತು. ಅರುಂಧತಿ ಅವರು ಹದಿನಾಲ್ಕು ವರ್ಷ ಹಿಡಿದು ಕಟ್ಟಿ ನಿಲ್ಲಿಸಿದ ರಂಗಮಂದಿರ ಅದು, ಜೆ.ಪಿ. ನಗರದಲ್ಲಿ 2004ರಲ್ಲಿ ಶುರುವಾಯಿತು. ಶೋ ಟೈಮಿಗೆ ಬಾಗಿಲು ಹಾಕಿದರೆ ಮುಗೀತು, ಯಾರು ಬಂದರೂ ಒಳಗೆ ಬಿಡಲ್ಲ. ನಾನೇ ಒಮ್ಮೆ ಮೂರು ನಿಮಿಷ ತಡ ಆಗಿ ಹೊರಗೆ ನಿಂತಿದ್ದೆ, ಕೋಪ ಬರಲಿಲ್ಲ. ಅಲ್ಲಿ ಮೊದಲ ನಾಟಕ ಮಾಡುವ ಕಾಲೇಜು ಹುಡುಗರನ್ನು ನೋಡುತ್ತೇನೆ. ಅವರು ಹುಟ್ಟುವ ಮೊದಲೇ ಶಂಕರ್ ಹೋಗಿದ್ದಾರೆ.

ಆಟೋ ಸ್ಟ್ಯಾಂಡ್ ಅಭಿ:
ಸಂಜೆಮಲ್ಲಿಗೆ ತಂಗಿ, ಒಂದು ಮಾತು. ನಿಮ್ಮಪ್ಪ ಎದ್ದು ಹೋದದ್ದು ನೀವು ಶಂಕ್ರಣ್ಣನನ್ನು ಬೈದಿರಿ ಅಂತ ಅಲ್ಲ. ನಾನೂ ಆಟೋದವನೇ, ಹೇಳುತ್ತೇನೆ ಕೇಳಿ. ಆಗ ಆಟೋದವನು ಅಂದರೆ ಸಿನಿಮಾದಲ್ಲಿ ಮೀಟರ್ ತಿರುಚುವ ಕಳ್ಳ, ಇಲ್ಲ ಕುಡುಕ, ಇಲ್ಲ ಕಾಮಿಡಿ. ಖಾಕಿ ಅಂಗಿ ಹಾಕಿಕೊಂಡು ಹೀರೊ ಒಬ್ಬ ಆಟೋ ಓಡಿಸಿದ, ಮರ್ಯಾದೆಯಿಂದ ಹಾಡು ಹೇಳಿದ, ಹುಡುಗಿ ಪ್ರೀತಿಸಿದಳು. ಬೆಳಿಗ್ಗೆ ಸ್ಟ್ಯಾಂಡಿಗೆ ಬಂದಾಗ ನಾವೂ ಮನುಷ್ಯರು ಅನ್ನಿಸಿತು. ಟೈಮ್ ಹಾಳು ಅಂದರೆ ಅದು ಚುಚ್ಚುತ್ತದೆ.

ಸಂಜೆಮಲ್ಲಿಗೆ:
ಅಭಿ ಅಣ್ಣ, ನೀವು ಬರೆದದ್ದನ್ನು ಓದಿ ಅತ್ತೆ. ನಿನ್ನೆ ರಾತ್ರಿ ಅಪ್ಪನ ಹತ್ತಿರ ಹೋಗಿ ತಪ್ಪಾಯಿತು ಅಂದೆ. 'ಆ ಆಕ್ಸಿಡೆಂಟ್ ಅನ್ನೋದನ್ನ ಹಾಕು, ನಾನೂ ನೋಡ್ತೀನಿ' ಅಂದರು.

ಇಬ್ಬರೂ ಕೂತೆವು. ಮೊದಲು 'ಇದ್ರಲ್ಲಿ ಶಂಕ್ರಣ್ಣ ಫೈಟ್ ಮಾಡಲ್ವಾ?' ಅಂತ ಎರಡು ಸಲ ಕೇಳಿದರು. ಫುಟ್‌ಪಾತ್ ಮೇಲೆ ಕಾರು ಹತ್ತುವ ಜಾಗ ಬಂದಾಗ ಸುಮ್ಮನಾದರು. ಪ್ರಿಂಟ್ ಅಷ್ಟೇನೂ ಚೆನ್ನಾಗಿಲ್ಲ, ಕತ್ತಲೆಯ ದೃಶ್ಯದಲ್ಲಿ ಮುಖ ಸರಿಯಾಗಿ ಕಾಣಲ್ಲ. ಆದರೂ ಟಿವಿಯ ಹತ್ತಿರ ಜರುಗಿ ಕೂತರು. ಮುಗಿದ ಮೇಲೆ ಹೇಳಿದರು, ಬೆಂಗಳೂರಿಗೆ ಬಂದ ಹೊಸದರಲ್ಲಿ ರೂಮು ಸಿಗದೆ ಮೂರು ತಿಂಗಳು ಮೆಜೆಸ್ಟಿಕ್ಕಿನ ಫುಟ್‌ಪಾತ್ ಮೇಲೆ ಮಲಗಿದ್ದರಂತೆ. ಇದನ್ನು ಅಮ್ಮನಿಗೂ ಹೇಳಿರಲಿಲ್ಲ. 'ಆಗ ಈ ಪಿಚ್ಚರ್ ಬಂದಿತ್ತು, ಫೈಟ್ ಇಲ್ಲ ಅಂದ್ರು ಅಂತ ನಾನು ಹೋಗ್ಲಿಲ್ಲ ನೋಡು' ಅಂದರು.

ಬೆಳಿಗ್ಗೆ ಗಾಡಿ ಒರೆಸುತ್ತಾ 'ಇವತ್ತು ಬೇಗ ಬರ್ತೀನಿ, ಆ ಮಿಂಚಿನ ಓಟ ಹಾಕು' ಅಂತ ಹೇಳಿ ಹೋಗಿದ್ದಾರೆ. ಒಳ್ಳೆಯ ಪ್ರಿಂಟ್ ಎಲ್ಲಿ ಸಿಗುತ್ತದೆ ಅಂತ ಯಾರಿಗಾದರೂ ಗೊತ್ತಿದ್ದರೆ ಸಂಜೆ ಏಳರೊಳಗೆ ತಿಳಿಸಿ.